ಮೇಜಿನ ರಮ್ಮಿಗೊಂದು ಕಾನೂನು, ಮೊಬೈಲಿನ ರಮ್ಮಿಗೊಂದು: ನಿಯಮಾವಳಿ ಬರೆದ ನನ್ನ ಅನುಭವ

ದಾವಣಗೆರೆಯಲ್ಲಿ ವಕೀಲಿ ನಡೆಸುವ ನನ್ನ ಬಳಿ ಮನರಂಜನಾ ಕ್ಲಬ್ಬೊಂದರ ಪದಾಧಿಕಾರಿಗಳು ಇಸ್ಪೀಟ್ ಕೋಣೆಗೆ ನಿಯಮಾವಳಿ ಬರೆಸಲು ಬಂದಾಗ ಮೊದಲು ಕೇಳಿದ್ದು, ಗೋವಾದ ಕ್ಯಾಸಿನೊಗಳಿಗಿರುವಂಥ ಲೈಸೆನ್ಸ್ ನಮಗೂ ಸಿಗುತ್ತದೆಯೇ ಎಂದು. ಜೂಜು ರಾಜ್ಯ ಪಟ್ಟಿಯ ವಿಷಯ, ಅಂದರೆ ಅದಕ್ಕೆ ಕಾನೂನು ಮಾಡುವುದು ಆಯಾ ರಾಜ್ಯ; ಗೋವಾದಲ್ಲಿ 1976ರ ಕಾಯ್ದೆಗೆ ತಿದ್ದುಪಡಿ ತಂದು ಕ್ಯಾಸಿನೊಗಳಿಗೆ ಅವಕಾಶ ಕೊಟ್ಟಿದ್ದಾರೆ, ಕರ್ನಾಟಕದಲ್ಲಿ ಅಂಥ ಲೈಸೆನ್ಸೇ ಇಲ್ಲ ಎಂದು ತಿಳಿಸಿದೆ.

ನಮಗೆ ಅನ್ವಯಿಸುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದರ 79 ಮತ್ತು 80ನೇ ಕಲಂಗಳು ಜೂಜಿನ ಅಡ್ಡೆ ನಡೆಸುವವರನ್ನೂ ಅಲ್ಲಿ ಆಡುವವರನ್ನೂ ಶಿಕ್ಷಿಸಿದರೆ, 176ನೇ ಕಲಂ ಕೌಶಲದ ಆಟಕ್ಕೂ ಅದರಲ್ಲಿ ಪಾಲ್ಗೊಂಡವರು ಕಟ್ಟುವ ಪಣಕ್ಕೂ ವಿನಾಯಿತಿ ನೀಡುತ್ತದೆ. ಪಾಲ್ಗೊಂಡವರು ಎಂಬ ಮಾತನ್ನೇ ಹಿಡಿದು, ಪಕ್ಕದಲ್ಲಿ ನಿಂತು ನೋಡುವವರು ಬಾಜಿ ಕಟ್ಟಬಾರದೆಂಬ ನಿಯಮವನ್ನು ಮೊದಲಿಗೇ ಸೇರಿಸಿದೆ. ಅಂದರ್ ಬಾಹರ್ ಅದೃಷ್ಟದಾಟವಾದ್ದರಿಂದ ಅದಕ್ಕೆ ಜಾಗವೇ ಕೊಡಲಿಲ್ಲ.

ನಿಜವಾದ ಜಗ್ಗಾಟ ನಡೆದದ್ದು ಹಣದ ಬಗ್ಗೆ. ರಮ್ಮಿ ಪ್ರಧಾನವಾಗಿ ಕೌಶಲದ ಆಟವೆಂದು 1967ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, ಪಣದ ಆಟದಿಂದ ಕ್ಲಬ್ ಲಾಭ ಮಾಡಿಕೊಂಡರೆ ಅಪರಾಧವಾಗಬಹುದೆಂದೂ ಅದೇ ತೀರ್ಪಿನಲ್ಲಿ ಎಚ್ಚರಿಸಿದೆ. ಗೆದ್ದವರಿಂದ ಕಮಿಷನ್ ತೆಗೆದುಕೊಳ್ಳದಿದ್ದರೆ ಕರೆಂಟ್ ಬಿಲ್ಲೂ ಹುಟ್ಟುವುದಿಲ್ಲ ಎಂದು ಖಜಾಂಚಿಗಳು ಪಟ್ಟು ಹಿಡಿದರು. ಕೊನೆಗೆ, ಸೋತರೂ ಗೆದ್ದರೂ ಒಂದೇ ಆಗಿರುವ ಸಾಧಾರಣ ಮೇಜಿನ ಶುಲ್ಕ, ಅದಕ್ಕೆ ರಸೀದಿ, ಸದಸ್ಯತ್ವ ಸಂಖ್ಯೆಯೊಡನೆ ರಿಜಿಸ್ಟರಿನಲ್ಲಿ ಸಹಿ ಎಂದು ತೀರ್ಮಾನವಾಯಿತು. ದಾಳಿಯಾದರೆ ಪಂಚನಾಮೆಯಲ್ಲಿ 52 ಎಲೆಗಳೂ ಪಣದ ಹಣವೂ ತಪ್ಪದೆ ಕಾಣಿಸಿಕೊಳ್ಳುತ್ತವೆ. ಆಡುತ್ತಿದ್ದದ್ದು ಯಾವ ಆಟವೆಂದು ತೋರಿಸಲು ನಮ್ಮಲ್ಲೂ ಒಂದು ದಾಖಲೆ ಇರಬೇಕಲ್ಲವೇ?

2021ರ ಅಕ್ಟೋಬರ್ 5ರಂದು ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕೌಶಲದಾಟದ ಪಣವನ್ನೂ ನಿಷೇಧಿಸಿದಾಗ ಆ ಮೇಜುಗಳನ್ನು ಮುಚ್ಚಿಸಿದೆ. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿದ ಮೇಲಷ್ಟೇ ತೆರೆಸಿದೆ.

ಈಚೆಗೆ ಅದೇ ಸಮಿತಿಯವರು ಸದಸ್ಯರಿಗಷ್ಟೇ ಸೀಮಿತವಾದ ರಮ್ಮಿ ಆ್ಯಪ್ ಮಾಡಿಸುವ ಯೋಚನೆಯೊಂದಿಗೆ ಬಂದಿದ್ದರು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಆನ್‌ಲೈನ್ ಆಟದಲ್ಲಿ ಕೌಶಲ, ಅದೃಷ್ಟ ಎಂಬ ಭೇದವನ್ನೇ ಉಳಿಸಿಲ್ಲ. ಆಡುವವರಿಗೆ ಶಿಕ್ಷೆಯಿಲ್ಲ, ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಕೌಶಲದಾಟಕ್ಕೆ ಇಷ್ಟು ಕಠಿಣ ನಿಷೇಧ ಅತಿಯಾಯಿತೆಂಬುದು ನನ್ನ ವೈಯಕ್ತಿಕ ಅಭಿಪ್ರಾಯ, ಆದರೆ ಕಕ್ಷಿದಾರರಿಗೆ ಹೇಳಬೇಕಾದದ್ದು ಕಾನೂನನ್ನು. ಜಾಹೀರಾತಿಗೂ 2 ವರ್ಷದವರೆಗೆ ಶಿಕ್ಷೆ ಇರುವುದರಿಂದ, ಕ್ಲಬ್ಬಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಂಥ ಆ್ಯಪ್‌ಗಳ ಲಿಂಕ್ ಹಾಕಿದವರ ಸದಸ್ಯತ್ವ ಅಮಾನತು ಮಾಡುವ ನಿಯಮವನ್ನೂ ಹೊಸದಾಗಿ ಸೇರಿಸಿ ಕೊಟ್ಟಿದ್ದೇನೆ; ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಅದು ಅನುಮೋದನೆಗೆ ಬರಲಿದೆ.