ಜ್ಯಾಂಗೊದಲ್ಲಿ ಇಮೇಲ್ ಲಾಗಿನ್: ಮೊದಲ ಮೈಗ್ರೇಶನ್‌ಗೆ ಮುನ್ನವೇ ಮಾಡಿ

ಪೈಥಾನ್‌ನಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಚೌಕಟ್ಟಾದ ಜ್ಯಾಂಗೊ ಕೊಡುವ ಸಿದ್ಧ ಯೂಸರ್ ಮಾಡೆಲ್‌ನಲ್ಲಿ ಇಮೇಲ್ ಫೀಲ್ಡ್ ಇದೆ. ಆದರೆ ಅದನ್ನು ಖಾಲಿ ಬಿಡಬಹುದು. ಒಂದೇ ವಿಳಾಸ ಹತ್ತು ಖಾತೆಗಳಲ್ಲಿದ್ದರೂ ಡೇಟಾಬೇಸ್ ತಡೆಯುವುದಿಲ್ಲ. ಹಾಗಾಗಿ ಲಾಗಿನ್ ಪುಟದಲ್ಲಿ ‘ಯೂಸರ್‌ನೇಮ್’ ಅಳಿಸಿ ‘ಇಮೇಲ್’ ಎಂದು ಬರೆದರೆ ಸಾಲದು, ಮಾಡೆಲನ್ನೇ ಬದಲಿಸಬೇಕು.

ಹೊಸ ಪ್ರಾಜೆಕ್ಟ್ ಆಗಿದ್ದರೆ ಡೇಟಾಬೇಸಿನಲ್ಲಿ ಟೇಬಲ್‌ಗಳನ್ನು ಸೃಷ್ಟಿಸುವ ಮೈಗ್ರೇಟ್ ಕಮಾಂಡ್ ಕೊಡುವ ಮೊದಲೇ ಇದನ್ನು ಮುಗಿಸಿ. ಅಕೌಂಟ್ಸ್ ಎಂಬ ಆಪ್ ಮಾಡಿ, ಆಬ್‌ಸ್ಟ್ರಾಕ್ಟ್‌ಯೂಸರ್ ಆಧಾರದ ಮೇಲೆ ನಿಮ್ಮದೇ ಯೂಸರ್ ಕ್ಲಾಸ್ ಬರೆಯಿರಿ. ಅದರಲ್ಲಿ ಯೂಸರ್‌ನೇಮ್‌ಗೆ ‘ಏನೂ ಇಲ್ಲ’ ಎಂಬರ್ಥದ ನನ್ (None) ಕೊಡಿ, ಒಂದೇ ವಿಳಾಸ ಎರಡು ಸಲ ಬರದಂತೆ ಇಮೇಲ್ ಫೀಲ್ಡನ್ನು ಯೂನಿಕ್ ಮಾಡಿ, ಯೂಸರ್‌ನೇಮ್_ಫೀಲ್ಡ್‌ಗೆ ‘ಇಮೇಲ್’ ಎಂದು ಕೊಡಿ. ರಿಕ್ವೈರ್ಡ್_ಫೀಲ್ಡ್ಸ್ ಖಾಲಿ ಲಿಸ್ಟ್ ಆಗಿರಲಿ; ಮೂಲ ಕ್ಲಾಸಿನ ಲಿಸ್ಟಿನಲ್ಲಿ ಇಮೇಲ್ ಮೊದಲೇ ಇರುವುದರಿಂದ ಹಾಗೇ ಬಿಟ್ಟರೆ ಸಿಸ್ಟಮ್ ಚೆಕ್ ದೋಷ ತೋರಿಸುತ್ತದೆ. ಕೊನೆಗೆ ಸೆಟ್ಟಿಂಗ್ಸ್‌ನಲ್ಲಿ ಆಥ್_ಯೂಸರ್_ಮಾಡೆಲ್‌ಗೆ ‘ಅಕೌಂಟ್ಸ್.ಯೂಸರ್’ ಎಂದು ಬರೆಯಿರಿ.

ಇಷ್ಟು ಮಾಡಿ, ಅಡ್ಮಿನ್ ಖಾತೆ ತೆರೆಯುವ ಕಮಾಂಡ್ ಆದ ಕ್ರಿಯೇಟ್‌ಸೂಪರ್‌ಯೂಸರ್ ಓಡಿಸಿದರೆ ಯೂಸರ್‌ನೇಮ್ ಸಿಗಲಿಲ್ಲವೆಂದು ಟೈಪ್‌ಎರರ್ ಬರುತ್ತದೆ. ಖಾತೆಗಳನ್ನು ಸೃಷ್ಟಿಸುವ ಹಳೆಯ ಮ್ಯಾನೇಜರ್ ಕ್ಲಾಸ್ ಇನ್ನೂ ಅದನ್ನೇ ಕೇಳುತ್ತಿರುತ್ತದೆ. ಬೇಸ್‌ಯೂಸರ್‌ಮ್ಯಾನೇಜರ್‌ನಿಂದ ಹೊಸದೊಂದನ್ನು ಬರೆದು, ಕ್ರಿಯೇಟ್_ಯೂಸರ್ ಮತ್ತು ಕ್ರಿಯೇಟ್_ಸೂಪರ್‌ಯೂಸರ್ ಎರಡೂ ಇಮೇಲನ್ನೇ ಮೊದಲು ತೆಗೆದುಕೊಳ್ಳುವಂತೆ ಮಾಡಿ. ಪಾಸ್‌ವರ್ಡನ್ನು ಸೆಟ್_ಪಾಸ್‌ವರ್ಡ್ ಮೂಲಕವೇ ಇಡಿ. ಫೀಲ್ಡಿಗೆ ನೇರವಾಗಿ ತುಂಬಿದರೆ ಅದು ಹ್ಯಾಶ್ ಆಗದೆ (ಮೂಲ ಪದ ತಿಳಿಯದ ರೂಪಕ್ಕೆ ಬದಲಾಗದೆ) ಬಯಲಾಗಿ ಡೇಟಾಬೇಸಿನಲ್ಲಿ ಕೂರುತ್ತದೆ, ಲಾಗಿನ್ನೂ ಆಗುವುದಿಲ್ಲ.

ಅತಿ ಹೆಚ್ಚು ಕಾಡುವುದು ದೊಡ್ಡಕ್ಷರ, ಸಣ್ಣಕ್ಷರದ ತೊಡಕು. ಮ್ಯಾನೇಜರಿನ ನಾರ್ಮಲೈಸ್_ಇಮೇಲ್ ಸಣ್ಣಕ್ಷರ ಮಾಡುವುದು @ ಚಿಹ್ನೆಯ ನಂತರದ ಡೊಮೈನ್ ಭಾಗವನ್ನು ಮಾತ್ರ. ಮೊಬೈಲ್ ಕೀಬೋರ್ಡ್ ಮೊದಲ ಅಕ್ಷರವನ್ನು ತಾನಾಗಿಯೇ ದೊಡ್ಡದು ಮಾಡಿದಾಗ ನೋಂದಾಯಿಸಿಕೊಂಡವರು, ನಾಳೆ ಕಂಪ್ಯೂಟರಿನಲ್ಲಿ ಸಣ್ಣಕ್ಷರ ಒತ್ತಿದರೆ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಅದು ಬೇರೆಯದೇ ವಿಳಾಸ. ಲಾಗಿನ್ ಆಗದು, ಅದೇ ವಿಳಾಸಕ್ಕೆ ಎರಡನೇ ಖಾತೆಯೂ ಹುಟ್ಟಬಹುದು. ಉಳಿಸುವಾಗಲೂ ಹುಡುಕುವಾಗಲೂ ಇಡೀ ವಿಳಾಸವನ್ನು ಸಣ್ಣಕ್ಷರಕ್ಕೆ ಇಳಿಸಿ. ಜ್ಯಾಂಗೊ 4.0 ಅಥವಾ ನಂತರದ ಆವೃತ್ತಿಯಾದರೆ ಲೋವರ್ ಫಂಕ್ಷನ್ ಮೇಲೆ ಯೂನಿಕ್‌ಕನ್‌ಸ್ಟ್ರೈಂಟ್ ಕೂಡ ಹಾಕಿ. ಕೋಡಿನಲ್ಲಿ ಎಲ್ಲೋ ಮರೆತರೂ ಡೇಟಾಬೇಸ್ ಕಾಯುತ್ತದೆ.

ಅಡ್ಮಿನ್‌ಗೆ ಯೂಸರ್‌ಅಡ್ಮಿನ್ ಬಳಸುವುದಾದರೆ ಆರ್ಡರಿಂಗ್, ಲಿಸ್ಟ್_ಡಿಸ್‌ಪ್ಲೇ, ಸರ್ಚ್_ಫೀಲ್ಡ್ಸ್, ಫೀಲ್ಡ್‌ಸೆಟ್ಸ್, ಆಡ್_ಫೀಲ್ಡ್‌ಸೆಟ್ಸ್ ಐದರಲ್ಲೂ ಯೂಸರ್‌ನೇಮ್ ತೆಗೆಯಿರಿ. ಲಾಗಿನ್ ಫಾರ್ಮಿನ ಇನ್‌ಪುಟ್ ಹೆಸರು ಮಾತ್ರ ‘ಯೂಸರ್‌ನೇಮ್’ ಎಂದೇ ಉಳಿಯಲಿ, ಆಥೆಂಟಿಕೇಶನ್‌ಫಾರ್ಮ್ ಹುಡುಕುವುದು ಅದನ್ನೇ.

ಈಗಾಗಲೇ ಬಳಕೆದಾರರಿರುವ ಸೈಟಿನಲ್ಲಿ ಮಾಡೆಲ್ ಬದಲಿಸಲು ಹೋಗಬೇಡಿ. ಅಡ್ಮಿನ್‌ನ ಮೈಗ್ರೇಶನ್ ನಿಮ್ಮ ಆಪ್‌ನದ್ದಕ್ಕಿಂತ ಮೊದಲೇ ಓಡಿದೆ ಎಂದು ಇನ್‌ಕನ್ಸಿಸ್ಟೆಂಟ್‌ಮೈಗ್ರೇಶನ್‌ಹಿಸ್ಟರಿ ದೋಷ ಎದುರಾಗುತ್ತದೆ. ಬಿಡಿಸಲು ಟೇಬಲ್‌ಗಳಿಗೇ ಕೈ ಹಾಕಬೇಕು. ಬದಲಿಗೆ ಮಾಡೆಲ್‌ಬ್ಯಾಕೆಂಡ್ ಆಧರಿಸಿ ಇಮೇಲ್ ಮೂಲಕ ಖಾತೆ ಹುಡುಕುವ ಆಥೆಂಟಿಕೇಶನ್ ಬ್ಯಾಕೆಂಡ್ (ಲಾಗಿನ್ ಪರಿಶೀಲಿಸುವ ಕ್ಲಾಸ್) ಬರೆಯಿರಿ. ಅದಕ್ಕೂ ಮುಂಚೆ ಎರಡೆರಡು ಖಾತೆಗಳಲ್ಲಿರುವ ವಿಳಾಸಗಳನ್ನು ಹುಡುಕಿ ಸರಿಪಡಿಸಿಕೊಳ್ಳಿ.

ಬಳಕೆದಾರರು ಇಮೇಲ್ ಬದಲಿಸಿದಾಗ ಹೊಸ ವಿಳಾಸವನ್ನು ಪ್ರತ್ಯೇಕವಾಗಿಟ್ಟು, ಅಲ್ಲಿಗೆ ಕಳಿಸಿದ ಲಿಂಕ್ ಒತ್ತಿದ ಮೇಲಷ್ಟೇ ಜಾರಿಗೆ ತನ್ನಿ. ಪಾಸ್‌ವರ್ಡ್ ರೀಸೆಟ್ ಲಿಂಕನ್ನು ಫಾರ್ಮಿನಲ್ಲಿ ಟೈಪ್ ಮಾಡಿದ ವಿಳಾಸಕ್ಕಲ್ಲ, ಡೇಟಾಬೇಸಿನಲ್ಲಿರುವ ವಿಳಾಸಕ್ಕೇ ಕಳಿಸಬೇಕು. ದೊಡ್ಡಕ್ಷರ, ಸಣ್ಣಕ್ಷರದ ಭೇದ ಬಿಟ್ಟು ಹೋಲಿಸಿದಾಗ ಒಂದೇ ಎನಿಸುವ ಯೂನಿಕೋಡ್ ಅಕ್ಷರ ಬಳಸಿ ಇನ್ನೊಬ್ಬರ ರೀಸೆಟ್ ಲಿಂಕನ್ನು ತಮ್ಮ ಕಡೆ ತಿರುಗಿಸಿಕೊಳ್ಳಬಹುದಾದ ದೋಷವನ್ನು ಜ್ಯಾಂಗೊ 2019ರ ಡಿಸೆಂಬರ್‌ನಲ್ಲಿ ಸರಿಪಡಿಸಿದ್ದು ಹೀಗೆಯೇ. ರೀಸೆಟ್ ಕೋಡನ್ನು ನೀವೇ ಬರೆದಿದ್ದರೆ ಆ ಸಾಲನ್ನು ಇಂದೇ ತೆರೆದು ನೋಡಿ.