ಎಬಿಜಿ ಚೀಟಿ ಓದುವ ಬಗೆ: ದೇಹ ಎಷ್ಟು ಸರಿದೂಗಿಸಿದೆ, ಎಷ್ಟು ಸರಿದೂಗಿಸಬೇಕಿತ್ತು

ಎಬಿಜಿ (ಧಮನಿಯ ರಕ್ತದ ಅನಿಲ ಪರೀಕ್ಷೆ) ಚೀಟಿ ಕೈಗೆ ಬಂದ ಕೂಡಲೇ ಕಣ್ಣು ಹೋಗುವುದು ಪಿಎಚ್, ಅಂದರೆ ರಕ್ತದ ಆಮ್ಲ-ಕ್ಷಾರದ ಅಳತೆಯ ಮೇಲೆ. 7.35ರಿಂದ 7.45ರ ಒಳಗಿದ್ದರೆ ‘ನಾರ್ಮಲ್’ ಎಂದು ಚೀಟಿಯನ್ನು ಕೇಸ್‌ಶೀಟಿಗೆ ಪಿನ್ ಮಾಡಿಬಿಡುತ್ತಾರೆ. ಪಿಎಚ್ ಸರಿ ಇದೆ ಅಂದಮಾತ್ರಕ್ಕೆ ರೋಗಿ ಸರಿ ಇದ್ದಾನೆ ಎಂದಲ್ಲ. ಎರಡು ತೊಂದರೆಗಳು ಎದುರುಬದುರು ಎಳೆದಾಡುತ್ತಿದ್ದರೂ ಮುಳ್ಳು ನಡುವೆಯೇ ನಿಲ್ಲುತ್ತದೆ. ದಾವಣಗೆರೆ, ಚಿತ್ರದುರ್ಗದ ವಾರ್ಡುಗಳಲ್ಲಿ ರಾತ್ರಿ ಡ್ಯೂಟಿ ಮಾಡುವ ಹೌಸ್ ಸರ್ಜನ್‌ಗಳಿಗೂ ಐಸಿಯು ಸಿಸ್ಟರ್‌ಗಳಿಗೂ ಕ್ಯಾಲ್ಕುಲೇಟರ್ ಇಲ್ಲದೆಯೇ ಇದನ್ನು ಹಿಡಿಯಲು ಬರಬೇಕು.

ಮೊದಲು ಸ್ಯಾಂಪಲ್. ಸ್ಯಾಂಪಲ್ ಕೆಟ್ಟಿದ್ದರೆ ಮುಂದಿನ ಲೆಕ್ಕವೆಲ್ಲ ದಂಡ. ಮಣಿಕಟ್ಟಿನ ರೇಡಿಯಲ್ ಧಮನಿಯಿಂದ ತೆಗೆಯುವ ಮುನ್ನ ಅಲೆನ್ ಪರೀಕ್ಷೆ (ಕೈಗೆ ಇನ್ನೊಂದು ಧಮನಿಯಿಂದಲೂ ರಕ್ತ ಬರುತ್ತದೆಯೇ ಎಂದು ನೋಡುವುದು) ಮಾಡಿ, ಸೂಜಿಯನ್ನು ಸುಮಾರು 45 ಡಿಗ್ರಿ ಓರೆಯಾಗಿ ಹಿಡಿಯಿರಿ. ತೆಗೆದ ಮೇಲೆ 5 ನಿಮಿಷ ಒತ್ತಿ ಹಿಡಿಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಹೆಚ್ಚು ಹೊತ್ತು. ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ) ಹಾಕಿಟ್ಟ ಸಿರಿಂಜ್ ಸಿಗದೆ ಬಾಟಲಿಯ ಹೆಪಾರಿನ್ ಬಳಸುವುದಾದರೆ ಸಿರಿಂಜಿನ ಒಳಗೋಡೆ ಒದ್ದೆಯಾಗುವಷ್ಟು ಎಳೆದು ಪೂರ್ತಿ ಹೊರಗೆ ತಳ್ಳಬೇಕು. ಹೆಪಾರಿನ್ ಉಳಿದರೆ ರಕ್ತ ತೆಳುವಾಗಿ ಪಿಸಿಓ2 (ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್‌ನ ಒತ್ತಡ), ಬೈಕಾರ್ಬನೇಟ್ (ರಕ್ತದಲ್ಲಿನ ಕ್ಷಾರ) ಎರಡೂ ಸುಳ್ಳಾಗಿ ಕಡಿಮೆ ತೋರಿಸುತ್ತವೆ. ಇಲ್ಲದ ಮೆಟಬಾಲಿಕ್ ಅಸಿಡೋಸಿಸ್ (ಬೈಕಾರ್ಬನೇಟ್ ಇಳಿದು ರಕ್ತ ಆಮ್ಲದ ಕಡೆ ವಾಲುವುದು) ಚೀಟಿಯಲ್ಲಿ ಹುಟ್ಟುತ್ತದೆ. ಗಾಳಿಗುಳ್ಳೆ ಸೇರಿದ್ದರೆ ಪಿಸಿಓ2 ಇಳಿದು ಪಿಎಚ್ ಏರುತ್ತದೆ.

ಪ್ಲಾಸ್ಟಿಕ್ ಸಿರಿಂಜಿನ ಸ್ಯಾಂಪಲ್ಲನ್ನು 30 ನಿಮಿಷದೊಳಗೆ ಯಂತ್ರಕ್ಕೆ ಹಾಕಬೇಕು. ಸಿರಿಂಜಿನೊಳಗೂ ರಕ್ತಕಣಗಳು ಆಮ್ಲಜನಕ ತಿಂದು ಆಮ್ಲ ಬಿಡುತ್ತಲೇ ಇರುತ್ತವೆ: ಪಿಎಚ್ ಇಳಿಯುತ್ತದೆ, ಪಿಸಿಓ2 ಏರುತ್ತದೆ. ಚಳ್ಳಕೆರೆಯ ಏಪ್ರಿಲ್ ಬಿಸಿಲಲ್ಲಿ ಸ್ಯಾಂಪಲ್ ಹಿಡಿದು ಚಿತ್ರದುರ್ಗಕ್ಕೆ ಓಡುವುದರಲ್ಲಿ ಅರ್ಥವಿಲ್ಲ. ಚಳ್ಳಕೆರೆಯಲ್ಲಿ ಯಂತ್ರ ಇಲ್ಲದಿದ್ದರೆ ಉಸಿರಿನ ಎಣಿಕೆ, ಸೋಡಿಯಂ, ಕ್ಲೋರೈಡ್, ಪೊಟ್ಯಾಸಿಯಂ ಬರೆದು ರೋಗಿಯನ್ನೇ ಕಳಿಸಿ. ನಿಮಿಷಕ್ಕೆ 34 ಉಸಿರು ಎಂಬ ಒಂದು ಅಂಕಿ ಮುಂದಿನವರಿಗೆ ಅರ್ಧ ಎಬಿಜಿಗೆ ಸಮ.

ಚೀಟಿಯ ಅಂಕಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿ. ಯಂತ್ರ ನೇರವಾಗಿ ಅಳೆಯುವುದು ಪಿಎಚ್ ಮತ್ತು ಪಿಸಿಓ2. ಬೈಕಾರ್ಬನೇಟ್ ಲೆಕ್ಕ ಹಾಕಿ ಬರುವ ಅಂಕಿ. ಕೈಲೆಕ್ಕ ಹೀಗೆ: ಪಿಎಚ್ 7.20ರಿಂದ 7.50ರ ನಡುವೆ ಇದ್ದಾಗ, ಬಿಂದುವಿನ ಮುಂದಿನ ಎರಡಂಕಿಯನ್ನು 80ರಿಂದ ಕಳೆಯಿರಿ. ಬರುವುದು ರಕ್ತದಲ್ಲಿನ ಹೈಡ್ರೋಜನ್ ಅಯಾನ್, ನ್ಯಾನೋಮೋಲ್ ಲೆಕ್ಕದಲ್ಲಿ. 7.40 ಆದರೆ 40, 7.30 ಆದರೆ 50. ಅದೇ ಅಂಕಿ 24 × ಪಿಸಿಓ2 ÷ ಬೈಕಾರ್ಬನೇಟ್‌ನಿಂದಲೂ ಹೆಚ್ಚುಕಮ್ಮಿ ಬರಬೇಕು. ತೀರಾ ಬೇರೆ ಬಂದರೆ ಅಂಕಿ ಬರೆದುಕೊಳ್ಳುವಾಗ ತಪ್ಪಾಗಿದೆ ಅಥವಾ ಎರಡು ಬೇರೆ ಹೊತ್ತಿನ ರಿಪೋರ್ಟ್ ಬೆರೆತಿವೆ.

ಈ ಸೂತ್ರದಲ್ಲೇ ಇಡೀ ವಿಷಯ ಅಡಗಿದೆ. ಪಿಎಚ್ ನಿರ್ಧಾರವಾಗುವುದು ಪಿಸಿಓ2 ಒಂದರಿಂದಲ್ಲ, ಬೈಕಾರ್ಬನೇಟ್ ಒಂದರಿಂದಲೂ ಅಲ್ಲ, ಅವುಗಳ ಅನುಪಾತದಿಂದ. ಹಾಗಾಗಿ ಒಂದು ಇಳಿದರೆ ದೇಹ ಇನ್ನೊಂದನ್ನೂ ಇಳಿಸುತ್ತದೆ, ಒಂದು ಏರಿದರೆ ಇನ್ನೊಂದನ್ನೂ ಏರಿಸುತ್ತದೆ. ಶ್ವಾಸಕೋಶ ಭಟ್ಟಿಯ ಹೊಗೆಕೊಳವೆ ಇದ್ದಂತೆ: ದಿನಕ್ಕೆ ಸುಮಾರು 15,000 ಮಿಲಿಮೋಲ್ ಇಂಗಾಲದ ಡೈಆಕ್ಸೈಡ್ ಹೊರಹಾಕುತ್ತದೆ, ನಿಮಿಷಗಳಲ್ಲಿ ಚುರುಕಾಗುತ್ತದೆ, 12ರಿಂದ 24 ಗಂಟೆಯಲ್ಲಿ ತನ್ನ ಕೆಲಸ ಮುಗಿಸುತ್ತದೆ. ಮೂತ್ರಪಿಂಡದ ಕೆಲಸ ನಿಧಾನ. ದಿನದ ಸುಮಾರು 70 ಮಿಲಿಈಕ್ವಿವಲೆಂಟ್ ಆಮ್ಲವನ್ನು ಅದು ಮೂತ್ರದಲ್ಲಿ ಕಳೆಯುತ್ತದೆ. ಬದಲಾವಣೆಗೆ ಪೂರ್ತಿ ಹೊಂದಿಕೊಳ್ಳಲು ಅದಕ್ಕೆ 3ರಿಂದ 5 ದಿನ ಬೇಕು. ಎರಡರಲ್ಲಿ ಯಾವುದೂ ಅತಿಯಾಗಿ ಸರಿದೂಗಿಸುವುದಿಲ್ಲ. ಅಸಿಡೋಸಿಸ್ ಆದವನ ಪಿಎಚ್ 7.48 ಇದ್ದರೆ ಅದು ದೇಹದ ಉತ್ಸಾಹ ಅಲ್ಲ, ಎರಡನೇ ರೋಗ.

ಈಗ ಲೆಕ್ಕಕ್ಕೆ ಬರೋಣ. ಪಿಎಚ್ ಯಾವ ಕಡೆ ವಾಲಿದೆ ನೋಡಿ. ಆ ವಾಲಿಕೆಗೆ ಪಿಸಿಓ2 (35ರಿಂದ 45) ಕಾರಣವೋ, ಬೈಕಾರ್ಬನೇಟ್ (22ರಿಂದ 26) ಕಾರಣವೋ ಗುರುತಿಸಿ. ಅದು ಮೂಲ ತೊಂದರೆ. ಆಮೇಲೆ ಕೇಳಬೇಕಾದ ಪ್ರಶ್ನೆ: ಇಷ್ಟು ತೊಂದರೆಗೆ ಇನ್ನೊಂದು ಅಂಕಿ ಎಷ್ಟಿರಬೇಕಿತ್ತು?

ಮೆಟಬಾಲಿಕ್ ಅಸಿಡೋಸಿಸ್‌ನಲ್ಲಿ ಇರಬೇಕಾದ ಪಿಸಿಓ2 = 1.5 × ಬೈಕಾರ್ಬನೇಟ್ + 8, ಎರಡು ಅತ್ತಿತ್ತ. ಇದು ವಿಂಟರ್ಸ್ ಸೂತ್ರ. ಬೇರೆ ಯಾವುದು ಮರೆತರೂ ಇದನ್ನು ಮರೆಯಬೇಡಿ. ಜಗಳೂರು ಕಡೆಯ ಒಬ್ಬ ಹುಡುಗ ಇನ್ಸುಲಿನ್ ಬಿಟ್ಟು ನಾಲ್ಕು ದಿನವಾಗಿ, ವಾಂತಿ, ಹೊಟ್ಟೆನೋವು ಎಂದು ಬಂದಿದ್ದಾನೆ ಎನ್ನಿ. ಪಿಎಚ್ 7.24, ಬೈಕಾರ್ಬನೇಟ್ 10, ಪಿಸಿಓ2 24. ಸೂತ್ರದ ಪ್ರಕಾರ 23, ಅಂದರೆ 21ರಿಂದ 25. ಅವನ ಆಳವಾದ ಜೋರುಸಿರು ದೇಹ ತನ್ನ ಪಾಲಿನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಸಾಕ್ಷಿ. ಅದನ್ನು ‘ದಮ್ಮು’ ಎಂದುಕೊಂಡು ನೆಬ್ಯುಲೈಸರ್ ಇಡಬೇಡಿ, ಗಾಬರಿಯ ಉಸಿರು ಎಂದು ನಿದ್ದೆಯ ಇಂಜೆಕ್ಷನ್ ಅಂತೂ ಕೊಡಲೇಬೇಡಿ.

ಅದೇ ಹುಡುಗನ ಪಿಸಿಓ2 ನಾಲ್ಕು ಗಂಟೆಯ ನಂತರ 38 ಬಂತು ಎನ್ನಿ. ಚೀಟಿಯಲ್ಲಿ ಅದರ ಪಕ್ಕ ಯಾವ ಬಾಣದ ಗುರುತೂ ಇರುವುದಿಲ್ಲ, ಯಂತ್ರದ ಪಾಲಿಗೆ ಅದು ನಾರ್ಮಲ್. ಆದರೆ ಬೈಕಾರ್ಬನೇಟ್ ಇನ್ನೂ 10 ಇದ್ದರೆ ಪಿಎಚ್ 7.04ಕ್ಕೆ ಕುಸಿದಿರುತ್ತದೆ. ಉಸಿರಿನ ಸ್ನಾಯುಗಳು ಸೋತಿವೆ. ಮೆಟಬಾಲಿಕ್ ಅಸಿಡೋಸಿಸ್ ಮೇಲೆ ರೆಸ್ಪಿರೇಟರಿ ಅಸಿಡೋಸಿಸ್ (ಉಸಿರು ಸಾಲದೆ ಆಗುವ ಆಮ್ಲತೆ) ಕೂತಿದೆ. ಸೀನಿಯರ್‌ಗೆ ಫೋನ್ ಮಾಡಬೇಕಾದ ಗಳಿಗೆ ಇದೇ. ಪಿಸಿಓ2 ಸೂತ್ರಕ್ಕಿಂತ ಕಡಿಮೆ, 16 ಬಂದಿದ್ದರೆ ಮಾತು ಬೇರೆ: ಜೊತೆಗೆ ರೆಸ್ಪಿರೇಟರಿ ಆಲ್ಕಲೋಸಿಸ್ (ಉಸಿರು ಹೆಚ್ಚಾಗಿ ರಕ್ತ ಕ್ಷಾರದ ಕಡೆ ವಾಲುವುದು) ಇದೆ, ಸೆಪ್ಸಿಸ್ (ಮೈಯೆಲ್ಲ ಹರಡಿದ ಸೋಂಕು), ನ್ಯುಮೋನಿಯಾ ಹುಡುಕಿ.

ಮೆಟಬಾಲಿಕ್ ಅಸಿಡೋಸಿಸ್ ಕಂಡಾಗಲೆಲ್ಲ ಆನಯಾನ್ ಗ್ಯಾಪ್ ತೆಗೆಯಿರಿ: ಸೋಡಿಯಂನಿಂದ ಕ್ಲೋರೈಡ್ ಮತ್ತು ಬೈಕಾರ್ಬನೇಟ್ ಕಳೆದರೆ ಬರುವುದು, ಸಾಮಾನ್ಯವಾಗಿ 8ರಿಂದ 12. ಮೇಲಿನ ಹುಡುಗನ ಸೋಡಿಯಂ 134, ಕ್ಲೋರೈಡ್ 98 ಇದ್ದರೆ ಗ್ಯಾಪ್ 26. ಇನ್ಸುಲಿನ್ ಇಲ್ಲದೆ ಹುಟ್ಟುವ ಕೀಟೋನ್ ಆಮ್ಲ ಸೇರಿದೆ. ಬೇಸಿಗೆಯಲ್ಲಿ ನೀರು ಕೆಟ್ಟು ಮೂರು ದಿನ ಭೇದಿಯಾದವರಲ್ಲಿ ಚಿತ್ರ ಬೇರೆ: ಸೋಡಿಯಂ 138, ಕ್ಲೋರೈಡ್ 114, ಬೈಕಾರ್ಬನೇಟ್ 14, ಗ್ಯಾಪ್ 10. ಇಲ್ಲಿ ಹೊಸ ಆಮ್ಲ ಸೇರಿಲ್ಲ, ಬೈಕಾರ್ಬನೇಟ್ ಮಲದಲ್ಲಿ ಹೋಗಿ ಆ ಜಾಗಕ್ಕೆ ಕ್ಲೋರೈಡ್ ಬಂದಿದೆ. ಇವರಲ್ಲಿ ಪೊಟ್ಯಾಸಿಯಂ ಸೋರಿಕೆ ಬಹಳ. ಪೊಟ್ಯಾಸಿಯಂ ನೋಡದೆ ಸೋಡಾಬೈಕಾರ್ಬ್ ಏರಿಸಿದರೆ ಪೊಟ್ಯಾಸಿಯಂ ಜೀವಕೋಶದೊಳಗೆ ನುಗ್ಗಿ ರಕ್ತದಲ್ಲಿ ಇನ್ನೂ ಇಳಿಯುತ್ತದೆ, ಹೃದಯ ತಾಳ ತಪ್ಪುತ್ತದೆ.

ಲಿವರ್ ಕೆಟ್ಟವರಲ್ಲಿ, ಅಪೌಷ್ಟಿಕತೆ ಇರುವವರಲ್ಲಿ ಗ್ಯಾಪ್ ಮೋಸ ಮಾಡುತ್ತದೆ. ಆಲ್ಬುಮಿನ್ 4ರಿಂದ ಪ್ರತಿ 1 ಗ್ರಾಂ ಇಳಿದರೆ ಗ್ಯಾಪ್‌ಗೆ 2.5 ಸೇರಿಸಿ. ಆಲ್ಬುಮಿನ್ 2 ಇರುವವರ ಗ್ಯಾಪ್ 12 ಅಂದರೆ ನಿಜಕ್ಕೂ 17.

ವಾಂತಿಯಲ್ಲಿ ಆಮ್ಲ ಹೋಗಿ ಆಗುವ ಮೆಟಬಾಲಿಕ್ ಆಲ್ಕಲೋಸಿಸ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಇರಬೇಕಾದ ಪಿಸಿಓ2 = 0.7 × ಬೈಕಾರ್ಬನೇಟ್ + 20, ಐದು ಅತ್ತಿತ್ತ. 55 ದಾಟುವುದು ಅಪರೂಪ, ಏಕೆಂದರೆ ಉಸಿರು ತಗ್ಗಿದಂತೆ ಆಮ್ಲಜನಕ ಇಳಿದು ಮೆದುಳು ಮತ್ತೆ ಉಸಿರಾಡಿಸುತ್ತದೆ. ಮೂತ್ರದ ಕ್ಲೋರೈಡ್ 20ಕ್ಕಿಂತ ಕಡಿಮೆ ಇದ್ದರೆ ನಾರ್ಮಲ್ ಸಲೈನ್ ಮತ್ತು ಪೊಟ್ಯಾಸಿಯಂ ಕ್ಲೋರೈಡ್‌ಗೆ ಒಗ್ಗುತ್ತದೆ.

ಉಸಿರಿನ ಕಡೆಯ ತೊಂದರೆಯಲ್ಲಿ ಮೊದಲು ಕೇಳಬೇಕಾದ್ದು ‘ಎಷ್ಟು ದಿನದಿಂದ?’ ಎಂದು. ಪಿಸಿಓ2 40ರಿಂದ ಪ್ರತಿ 10 ಏರಿದಾಗ ಬೈಕಾರ್ಬನೇಟ್ ಗಂಟೆಗಳ ಲೆಕ್ಕದಲ್ಲಾದರೆ 1, ದಿನಗಳ ಲೆಕ್ಕದಲ್ಲಾದರೆ 3.5ರಿಂದ 4 ಏರುತ್ತದೆ. ಪ್ರತಿ 10 ಇಳಿದಾಗ ಕ್ರಮವಾಗಿ 2 ಮತ್ತು 4ರಿಂದ 5 ಇಳಿಯುತ್ತದೆ. ಮೆಕ್ಕೆಜೋಳದ ಹೊಲದ ಕ್ರಿಮಿನಾಶಕ ಮೈಗೇರಿ ಬಂದವರ ಪಿಸಿಓ2 70, ಬೈಕಾರ್ಬನೇಟ್ 27, ಪಿಎಚ್ 7.21: ಮೂರು ಹತ್ತಕ್ಕೆ ಮೂರು ಏರಿದೆ, ಮೂತ್ರಪಿಂಡಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ. ಅಟ್ರೊಪಿನ್ (ಆ ವಿಷಕ್ಕೆ ಕೊಡುವ ಮದ್ದು) ಜೊತೆಗೆ ಉಸಿರಿನ ಆಸರೆ ಈಗಲೇ ಬೇಕು.

ಇದರ ಪಕ್ಕದಲ್ಲಿ ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಮೂವತ್ತು ವರ್ಷ ದುಡಿದು ಸಿಓಪಿಡಿ (ಉಸಿರುನಾಳ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಆದವರನ್ನು ಇಟ್ಟು ನೋಡಿ. ಪಿಸಿಓ2 60, ಬೈಕಾರ್ಬನೇಟ್ 31, ಪಿಎಚ್ 7.33. ಇದು ಅವರ ಮಾಮೂಲಿ ಸ್ಥಿತಿ. ಕಾಲು ಊದಿದೆ ಎಂದು ಒಂದು ವಾರ ಫ್ಯೂರೊಸೆಮೈಡ್ (ಮೂತ್ರ ಹೆಚ್ಚಿಸುವ ಔಷಧಿ) ಕೊಟ್ಟ ಮೇಲೆ ಮತ್ತೆ ಚೀಟಿ: ಪಿಸಿಓ2 60, ಬೈಕಾರ್ಬನೇಟ್ 38, ಪಿಎಚ್ 7.42. ಮೊದಲಲ್ಲಿ ಹೇಳಿದ ‘ನಾರ್ಮಲ್’ ಚೀಟಿ ಇದೇ. 60ಕ್ಕೆ ಬೈಕಾರ್ಬನೇಟ್ 32ರ ಆಸುಪಾಸಿರಬೇಕಿತ್ತು. ಮೇಲಿನ ಆರು ಫ್ಯೂರೊಸೆಮೈಡ್ ತಂದ ಮೆಟಬಾಲಿಕ್ ಆಲ್ಕಲೋಸಿಸ್. ಅದು ಉಸಿರಿನ ಒತ್ತಾಸೆಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಡೋಸ್ ಮರುಪರಿಶೀಲಿಸಿ, ಪೊಟ್ಯಾಸಿಯಂ, ಕ್ಲೋರೈಡ್ ತುಂಬಿಸಿ, ಆಮ್ಲಜನಕವನ್ನು ಸ್ಯಾಚುರೇಶನ್ 88ರಿಂದ 92ರೊಳಗೆ ನಿಲ್ಲುವಷ್ಟೇ ಕೊಡಿ.

ವೆಂಟಿಲೇಟರ್‌ಗೆ ಹಾಕುವಾಗ ಈ ಲೆಕ್ಕ ಮತ್ತೆ ಬೇಕು. ನಿಮಿಷಕ್ಕೆ 34 ಬಾರಿ ಉಸಿರಾಡುತ್ತಿದ್ದ ಕೀಟೋಅಸಿಡೋಸಿಸ್ ರೋಗಿಗೆ ಟ್ಯೂಬ್ ಹಾಕಿ ಯಂತ್ರವನ್ನು ರೂಢಿಯಂತೆ 14ಕ್ಕೆ ಇಟ್ಟರೆ ದೇಹ ಕಷ್ಟಪಟ್ಟು ಮಾಡಿಕೊಂಡಿದ್ದ ಸರಿದೂಗಿಕೆಯನ್ನು ನಾವೇ ಕಿತ್ತುಕೊಂಡಂತೆ. ರೇಟ್ 24ರಿಂದ 30 ಇಟ್ಟು, ಹೊರಬಿಡುವ ಉಸಿರು ಪೂರ್ತಿ ಹೊರಬರುತ್ತಿದೆಯೇ ನೋಡಿಕೊಂಡು, 20ರಿಂದ 30 ನಿಮಿಷಕ್ಕೆ ಇನ್ನೊಂದು ಎಬಿಜಿ ಕಳಿಸಿ. ಭಟ್ಟಿ ಕೆಲಸಗಾರರಿಗೆ ಇದರ ಉಲ್ಟಾ: ಬೈಕಾರ್ಬನೇಟ್ 32 ಇರುವವರ ಪಿಸಿಓ2ವನ್ನು ಒಂದೇ ರಾತ್ರಿಯಲ್ಲಿ 40ಕ್ಕೆ ಇಳಿಸಿದರೆ ಪಿಎಚ್ 7.52ಕ್ಕೆ ಹಾರುತ್ತದೆ, ಫಿಟ್ಸ್ ಬರಬಹುದು, ಹೃದಯ ತಾಳ ತಪ್ಪಬಹುದು. ಅವರಿಗೆ ಗುರಿ 40 ಅಲ್ಲ, ಅವರ ಮಾಮೂಲಿ 60.