ಹವಳದ ಟ್ಯಾಂಕಿಗೆ ಯಾವ ನೀರು?

ಕಲಬುರಗಿಯಲ್ಲಿ ಗಾಜಿನ ಟ್ಯಾಂಕಿನಲ್ಲಿ ಸಮುದ್ರದ ಮೀನು, ಹವಳ ಸಾಕುವವರು ಲೈಟಿಗೆ, ಉಪ್ಪಿಗೆ ಧಾರಾಳವಾಗಿ ದುಡ್ಡು ಸುರಿಯುತ್ತಾರೆ. ನೀರಿನ ಮಾತು ಬಂದರೆ ಮಾತ್ರ ‘ಕುಡಿಯೋಕೆ ಚೆನ್ನಾಗಿದೆಯಲ್ಲ, ಸಾಕು ಬಿಡಿ’ ಅನ್ನುತ್ತಾರೆ. ಸ್ವಲ್ಪ ದಿನಕ್ಕೇ ಮರಳಿನ ಮೇಲೆ ಕಂದು ಪಾಚಿ, ಕಲ್ಲಿನ ಮೇಲೆ ಹಸಿರು ಪಾಚಿ.

ಮೊದಲು ಒಂದು ಟಿಡಿಎಸ್ ಮೀಟರ್ ಕೊಳ್ಳಿ. ಒಂದು ಲೀಟರ್ ನೀರಿನಲ್ಲಿ ಲವಣ ಮುಂತಾದವು ಎಷ್ಟು ಮಿಲಿಗ್ರಾಂ ಕರಗಿವೆ ಅಂತ ಅದು ಅಂದಾಜು ತೋರಿಸುತ್ತದೆ. ಕೆಲವು ನೂರು ರೂಪಾಯಿ ಅಷ್ಟೇ. ನಮಗೆ ಬೇಕಾದ ಅಂಕಿ ಸೊನ್ನೆ.

ಬೋರ್ ನೀರಿನ ಆಸೆ ಬಿಡಿ. ನಮ್ಮದು ಸುಣ್ಣದ ಕಲ್ಲಿನ ಸೀಮೆ. ಶಹಾಬಾದ್ ಪರಸಿ, ಸೇಡಂನ ಸಿಮೆಂಟು ಎಲ್ಲ ಆ ಕಲ್ಲಿನದ್ದೇ. ಬಕೀಟಿನ ಒಳಗೆ ಉಜ್ಜಿದರೂ ಹೋಗದ ಬಿಳಿ ಪದರ ಕಟ್ಟುತ್ತದಲ್ವಾ, ಅದೂ ಸುಣ್ಣವೇ. ಹವಳಕ್ಕೆ ಸುಣ್ಣ ಬೇಕು, ನಿಜ. ಆದರೆ ಅದು ಸಮುದ್ರದ ನೀರು ತಯಾರಿಸಲು ಬೆರೆಸುವ ರೀಫ್ ಉಪ್ಪಿನಲ್ಲೇ ಅಳತೆಯಾಗಿ ಬೆರೆತಿರುತ್ತದೆ. ನಳದ ನೀರಲ್ಲಿ ಕ್ಲೋರಿನ್ ಬೇರೆ. ಪಾಚಿಗೆ ಗೊಬ್ಬರವಾಗುವ ನೈಟ್ರೇಟ್ ಕುದಿಸಿದರೂ ಹೋಗುವುದಿಲ್ಲ.

ಎಲ್ಲರೂ ಎಡವುವುದು ಅಡುಗೆಮನೆಯ ಆರ್‌ಒ ಹತ್ತಿರ. ಬಹಳಷ್ಟು ಮಷಿನ್‌ಗಳ ಒಳಗೆ ಚಿಕ್ಕ ಟಿಡಿಎಸ್ ಕಂಟ್ರೋಲರ್ ಇರುತ್ತದೆ. ರುಚಿಗೆಂದು ಅದು ಮೆಂಬ್ರೇನ್‌ಗೆ, ಅಂದರೆ ಸೋಸುವ ಪೊರೆಗೆ, ಹೋಗದ ನೀರನ್ನು ಸ್ವಲ್ಪ ಬೆರೆಸುತ್ತದೆ. ಕೆಲವದರಲ್ಲಿ ಮಿನರಲ್ ಕಾರ್ಟ್ರಿಜ್ ಕೂಡ. ಎರಡನ್ನೂ ಮುಚ್ಚಿಸಿದರೂ ಸೊನ್ನೆ ಬರಲ್ಲ. 800 ಟಿಡಿಎಸ್ ಇರುವ ನೀರು ಒಳ್ಳೆಯ ಮೆಂಬ್ರೇನ್ ದಾಟಿದರೂ 20–30ಕ್ಕೆ ನಿಲ್ಲುತ್ತದೆ. ಅದರ ಮುಂದೆ, ಉಳಿದ ಲವಣವನ್ನೂ ಹಿಡಿದಿಡುವ ಡಿಐ ರೆಸಿನ್ ಇರಲೇಬೇಕು. ಬಣ್ಣ ಬದಲಾಗುವ ರೆಸಿನ್ನೇ ತಗೊಳ್ಳಿ, ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಮಷಿನ್ ನಿಂತು ಮತ್ತೆ ಶುರುವಾದಾಗ ಬರುವ ಮೊದಲ ನೀರಿನ ಟಿಡಿಎಸ್ ಜಾಸ್ತಿ. ಅದನ್ನು ರೆಸಿನ್‌ಗೆ ಬಿಡದೆ ಚೆಲ್ಲಿ, ಇಲ್ಲವಾದರೆ ರೆಸಿನ್ ಬೇಗ ಖಾಲಿ. ಓವರ್‌ಹೆಡ್ ಟ್ಯಾಂಕಿನ ಒತ್ತಡ ಮೆಂಬ್ರೇನ್‌ಗೆ ಸಾಲದು, ಬೂಸ್ಟರ್ ಪಂಪ್ ಇರುವ ಸೆಟ್ಟನ್ನೇ ತನ್ನಿ. ಮಷಿನ್ ಆಚೆ ಬಿಡುವ ನೀರು ನೆಲ ಒರೆಸಲು ಆದೀತು.

ಟ್ಯಾಂಕಿಗೆ ಕ್ಯಾನ್ ನೀರು ನನಗೆ ಒಪ್ಪಿಗೆಯಿಲ್ಲ. ಒಂದು ಕ್ಯಾನಿನ ಅಂಕಿ ಇನ್ನೊಂದರಲ್ಲಿ ಇರಲ್ಲ. ಇನ್ನು ಕೆಲವರು ಎಸಿಯಿಂದ ತೊಟ್ಟಿಕ್ಕುವ ನೀರು ಹಿಡಿಯುತ್ತಾರೆ. ಮೀಟರ್ ಕಡಿಮೆ ತೋರಿಸುತ್ತದೆ ಅಂತ ಖುಷಿ! ಆ ನೀರು ಇಳಿಯುವುದು ಲೋಹದ ಕಾಯಿಲ್ ಮೇಲಿಂದ, ಎಷ್ಟೋ ಕಡೆ ಅದು ತಾಮ್ರದ್ದು. ತಾಮ್ರ ಚೂರೇ ಇದ್ದರೂ ಹವಳ, ಸಿಗಡಿ ಉಳಿಯಲ್ಲ. ಸಂಗ್ರಹಕ್ಕೂ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮೇ ಆಗಲಿ, ಹಿತ್ತಾಳೆ ನಲ್ಲಿ ಬೇಡ.

ಸೊನ್ನೆಯ ನೀರಿಗೆ ರೀಫ್ ಉಪ್ಪು ಬೆರೆಸಿ, ರಾತ್ರಿಯಿಡೀ ಪಂಪ್ ಓಡಿಸಿ, ಬೆಳಿಗ್ಗೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 35 (ಸಾವಿರ ಭಾಗಕ್ಕೆ 35) ಬಂದಿದೆಯಾ ನೋಡಿ.

ಆಮೇಲೆ ಟಾಪ್‌ಅಪ್, ಅಂದರೆ ಇಳಿದಷ್ಟು ನೀರನ್ನು ಮತ್ತೆ ತುಂಬುವುದು. ಇಲ್ಲಿಯ ಬೇಸಿಗೆಗೆ ಟ್ಯಾಂಕಿನ ನೀರು ದಿನಾ ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಅದರಲ್ಲಿದ್ದದ್ದು ಅಲ್ಲೇ ಉಳಿಯುತ್ತದೆ. 500 ಟಿಡಿಎಸ್ ನೀರನ್ನು ದಿನಕ್ಕೆ 2 ಲೀಟರ್ ಸುರಿದರೆ ತಿಂಗಳಿಗೆ 30 ಗ್ರಾಂ ಬೇಡದ ವಸ್ತು ಒಳಗೆ ಸೇರಿದಂತೆ. ಹಾಗಾಗಿ ಟಾಪ್‌ಅಪ್‌ಗೂ ಸೊನ್ನೆಯ ನೀರೇ ಬೇಕು. ಅದಕ್ಕೆ ಉಪ್ಪು ಬೆರೆಸಬೇಡಿ.